ಸರ್ವಿಸ್ ಲಿಫ್ಟಿನಲ್ಲಿ ಬಂದ ಮೆಕ್ಸಿಕೊ

ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸಾಮಾನ್ಯವಾಗಿ ಎರಡೇ ವಿಷಯ. ಒಂದು ನೀರಿನ ಟ್ಯಾಂಕರ್, ಇನ್ನೊಂದು ಯಾರದೋ ಜಾಗದಲ್ಲಿ ಯಾರೋ ನಿಲ್ಲಿಸಿದ ಕಾರು. ಹೋದ ತಿಂಗಳು ಮೂರನೆಯದು ಸೇರಿಕೊಂಡಿತು. ಮನೆಯಲ್ಲೇ ವಿಶ್ವದ ಅಡುಗೆ ಮಾಡುವ ಸ್ಪರ್ಧೆ. ಒಂದು ಫ್ಲ್ಯಾಟಿಗೆ ಒಂದು ದೇಶ. ಎಣ್ಣೆ ಕಡಿಮೆ ಇರಬೇಕು, ಸಕ್ಕರೆ ಕೂಡದು, ಮೈದಾ ಕಂಡರೆ ಔಟ್. ಊಟ 'ಬಹುತೇಕ ಸಸ್ಯಾಹಾರ'ವಾಗಿರಬೇಕು. ಕೊನೆಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: ಅಡುಗೆಯನ್ನು ಕಡ್ಡಾಯವಾಗಿ ಸ್ವಂತ ಕೈಯಲ್ಲೇ ಮಾಡಿರಬೇಕು.

ಸ್ವಂತ ಕೈ ಬಗ್ಗೆ ಯಾರೂ ಏನೂ ಕೇಳಲಿಲ್ಲ. 'ಬಹುತೇಕ' ಮಾತ್ರ ಮೂರು ದಿನ ನಡೆಯಿತು. ಬಹುತೇಕ ಅಂದರೆ ಮೊಟ್ಟೆಯಾ? ಮೊಟ್ಟೆಯಾದರೆ ಎಷ್ಟು? ಕೇಕಿನೊಳಗೆ ಕಣ್ಣಿಗೆ ಕಾಣದ ಹಾಗಿದ್ದರೆ ಅಡ್ಡಿಯಿಲ್ಲ ಅಂತ ಕಮಿಟಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಯಾರೋ ಒಬ್ಬ ಪುಣ್ಯಾತ್ಮ, ಜಪಾನಿನ ಮಿಸೊ ಸೂಪಿಗೆ ಹಾಕುವ 'ದಾಶಿ' ತಿಳಿಸಾರನ್ನು ಸಾಮಾನ್ಯವಾಗಿ ಒಣಮೀನಿನ ಹೆರಕಲಿನಿಂದ ತೆಗೆಯುತ್ತಾರೆ, ಕೊರಿಯಾದ ಕಿಮ್ಚಿ ಅನ್ನುವ ಎಲೆಕೋಸಿನ ಉಪ್ಪಿನಕಾಯಿಗೆ ಉಪ್ಪು ಹಾಕಿದ ಸಿಗಡಿಯೋ ಮೀನಿನ ರಸವೋ ಬೀಳುತ್ತದೆ, ಥಾಯ್ ಅಡುಗೆಯಲ್ಲಂತೂ ಮೀನಿನ ಸಾಸ್ ಅಂದರೆ ನಮ್ಮ ಉಪ್ಪಿದ್ದ ಹಾಗೆ ಅಂತ ಬರೆದುಬಿಟ್ಟ. ಕೋರಮಂಗಲದ ಹೋಟೆಲಿನಲ್ಲಿ ಎರಡು ವರ್ಷದಿಂದ ಪ್ರತಿ ಶುಕ್ರವಾರ ಕಿಮ್ಚಿ ತಿಂದು 'ಹೊಟ್ಟೆಗೆ ತುಂಬಾ ಒಳ್ಳೇದು' ಅಂತಿದ್ದ ಹನ್ನೊಂದನೇ ಮಹಡಿಯ ರಾಯರು ಒಂದು ದಿನ ಪೂರ್ತಿ ಗ್ರೂಪಿಗೇ ಬರಲಿಲ್ಲ. ಗುಡ್ ಮಾರ್ನಿಂಗ್ ಕೂಡ ಇಲ್ಲ. ಆಮೇಲೆ ಕೊರಿಯಾ ಅವರ ಪಾಲಿಗೇ ಬಂತು, ಅದು ಬೇರೆ ಮಾತು.

ದೇಶ ಹಂಚಿದ್ದು ಥೇಟ್ ಸೈಟ್ ಹಂಚಿದ ಹಾಗೆ. ಇಟಲಿ, ಥಾಯ್ಲೆಂಡ್ ಕಾರ್ನರ್ ಸೈಟುಗಳು, ಮೊದಲ ನಿಮಿಷದಲ್ಲೇ ಖಾಲಿ. ಆಫೀಸಿನ ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದ ನಾನು ಫೋನ್ ನೋಡುವಷ್ಟರಲ್ಲಿ ಉಳಿದದ್ದು ಇಥಿಯೋಪಿಯಾ.

ಇಲ್ಲಿ ಜಯಕ್ಕನ ಬಗ್ಗೆ ಹೇಳಬೇಕು. ನಮ್ಮ ಬ್ಲಾಕಿನ ಐದು ಮನೆಗೆ ಅಡುಗೆ ಮಾಡುವವರು ಅವರೇ. ಕಗ್ಗಲೀಪುರದ ಕಡೆಯಿಂದ ಬೆಳಗ್ಗೆ ಬಸ್ಸಿನಲ್ಲಿ ಬರುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಅದೊಂದು ಉಳಿಯಿತು ಅಂತಾರೆ. ಸ್ಪರ್ಧೆಗೆ ಮುಂಚಿನ ಎರಡು ವಾರ ಅವರ ದಿನಚರಿ ಹೀಗಿತ್ತು: ಆರೂವರೆಗೆ ಒಂಬತ್ತನೇ ಮಹಡಿಯಲ್ಲಿ ಲೆಬನಾನ್, ಎಂಟಕ್ಕೆ ಮೂರನೇ ಮಹಡಿಯಲ್ಲಿ ಪೆರು, ಒಂಬತ್ತೂವರೆಗೆ ಆರನೇ ಮಹಡಿಯಲ್ಲಿ ಮೆಕ್ಸಿಕೊ, ಆಮೇಲೆ ಹನ್ನೊಂದನೇ ಮಹಡಿಯಲ್ಲಿ ಕೊರಿಯಾ, ಕೊನೆಗೆ ನಾಲ್ಕನೇ ಮಹಡಿಯಲ್ಲಿ ನಮ್ಮ ಇಥಿಯೋಪಿಯಾ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಆದರೆ ದೇಶದಿಂದ ದೇಶಕ್ಕೆ ಹೋಗುವಾಗ ಸರ್ವಿಸ್ ಲಿಫ್ಟೇ ಹತ್ತಬೇಕು. ಇನ್ನೊಂದು ಲಿಫ್ಟಿನ ಬಾಗಿಲಿಗೆ 'ಮನೆಗೆಲಸದವರಿಗೆ ಪ್ರವೇಶವಿಲ್ಲ' ಅಂತ ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿಸಿದ್ದಾರೆ, ಕನ್ನಡದಲ್ಲೇ. ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದಲ್ಲಿರುವ ಬೋರ್ಡು ಅದೊಂದೇ. ರಾಜ್ಯೋತ್ಸವಕ್ಕೆ ಅದರ ಪಕ್ಕದಲ್ಲೇ ಬಾವುಟ ಕಟ್ಟುತ್ತೇವೆ.

ಒಂದು ದಿನ ಜಯಕ್ಕ ಗಾಬರಿಯಿಂದ ಬಂದರು. "ಸಾರ್, ಮೂರನೇ ಫ್ಲೋರಿನ ಅಕ್ಕಿ ಸರಿ ಇಲ್ಲ. ತೊಳೆದರೆ ಸೋಪಿನ ನೊರೆ ಬರ್ತದೆ. ಯಾರೋ ಸೋಪಿನ ಪುಡಿ ಬೆರೆಸವ್ರೆ."

ಅದು ಅಕ್ಕಿಯಲ್ಲ, ಕೀನ್ವಾ ಅಂದೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದು. ಕಾಳಿನ ಹೊರಪದರದಲ್ಲಿ ನಮ್ಮ ಅಂಟುವಾಳಕಾಯಿಯಲ್ಲಿ ಇರುವಂಥದೇ ಸಪೋನಿನ್ ಇರುತ್ತದೆ, ಅದರ ಕಹಿಗೆ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ, ಅದಕ್ಕೇ ಚೆನ್ನಾಗಿ ಉಜ್ಜಿ ತೊಳೆಯಬೇಕು ಅಂತೆಲ್ಲ ವಿವರಿಸಿದೆ.

"ಹಕ್ಕಿನೇ ತಿನ್ನಲ್ವಾ?" ಅಂದರು ಜಯಕ್ಕ. "ಮತ್ತೆ ಅವ್ರ್ಯಾಕೆ ತಿಂತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂದ ಮೇಲೆ ಒಂದೊಂದು ಕಾಳಿನಿಂದಲೂ ಬಿಳೀ ದಾರದಂಥದು ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದಲ್ಲ, ಅದನ್ನು ನೋಡಿದ ಮೇಲೆ ಅವರು ಅದಕ್ಕೆ 'ಬಾಲದಕ್ಕಿ' ಅಂತ ಹೆಸರಿಟ್ಟರು. ವಿಶ್ವಸಂಸ್ಥೆ 2013ನ್ನು ಕೀನ್ವಾ ವರ್ಷ ಅಂತ ಆಚರಿಸಿತ್ತು. ಹತ್ತು ವರ್ಷ ಬಿಟ್ಟು 2023ರಲ್ಲಿ ಸಿರಿಧಾನ್ಯಕ್ಕೂ ಒಂದು ವರ್ಷ ಕೊಟ್ಟಿತು. ಆ ಉತ್ಸಾಹದಲ್ಲಿ ನಾನು ತಂದ ನವಣೆ ಇನ್ನೂ ಅಡುಗೆಮನೆಯ ಮೇಲಿನ ಡಬ್ಬದಲ್ಲೇ ಇದೆ. ಮೊನ್ನೆ ಮುಚ್ಚಳ ತೆಗೆದು ನೋಡಿದೆ. ಈಗ ಅದೂ ಬಹುತೇಕ ಸಸ್ಯಾಹಾರ.

ಎಲ್ಲಕ್ಕಿಂತ ಕಷ್ಟ ಆದದ್ದು ಮೆಕ್ಸಿಕೊ. ಆರನೇ ಮಹಡಿಯ ಮೇಡಂ ಅಂಗಡಿಯ ಟಾರ್ಟಿಯಾ ರೊಟ್ಟಿ ತರಲ್ಲ, ಮೆಕ್ಕೆಜೋಳದಿಂದಲೇ ಶುರು ಮಾಡ್ತೀನಿ ಅಂತ ಹಟ ಹಿಡಿದಿದ್ದರು. ವಿಡಿಯೊ ನೋಡಿದರು. ಅಲ್ಲಿನವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಹಾಕಿ, ಸಿಪ್ಪೆ ಉಜ್ಜಿ ತೆಗೆದು ರುಬ್ಬುತ್ತಾರೆ. ಸಾವಿರಾರು ವರ್ಷಗಳ ವಿದ್ಯೆ ಅದು. ಸುಣ್ಣ ಬಿದ್ದರೆ ಹಿಟ್ಟು ಅಂಟಿಕೊಳ್ಳುತ್ತದೆ, ಜೋಳದಲ್ಲಿರುವ ನಿಯಾಸಿನ್ ಅನ್ನುವ ವಿಟಮಿನ್ ಮೈಗೆ ಹತ್ತುತ್ತದೆ. ಯುರೋಪಿನವರು ಜೋಳ ಒಯ್ದರು, ಸುಣ್ಣದ ಗುಟ್ಟು ಅಲ್ಲೇ ಬಿಟ್ಟು ಬಂದರು. ಬರೀ ಜೋಳದ ಗಂಜಿಯಲ್ಲೇ ಬದುಕುತ್ತಿದ್ದ ಉತ್ತರ ಇಟಲಿಯ ಬಡವರಿಗೆ ಪೆಲಾಗ್ರಾ ಅನ್ನುವ ಕಾಯಿಲೆ ಹಿಡಿಯಿತು, ಚರ್ಮ ಸುಲಿಯಿತು, ತಲೆ ಕೆಟ್ಟಿತು.

ಮೇಡಂಗೆ ಸುಣ್ಣ ಅಂದರೆ ಗೋಡೆ. ತಿನ್ನುವ ಸುಣ್ಣ ಆನ್‌ಲೈನಿನಲ್ಲಿ ಹುಡುಕಿದರು, ಆರ್ಗ್ಯಾನಿಕ್ ಸುಣ್ಣ ಸಿಗುತ್ತಾ ಅಂತ ಗ್ರೂಪಿನಲ್ಲಿ ಕೇಳಿದರು. ಜಯಕ್ಕ ಸೊಂಟದಿಂದ ಎಲೆ ಅಡಿಕೆ ಚೀಲ ತೆಗೆದು, ಸುಣ್ಣದ ಡಬ್ಬಿಯ ಮುಚ್ಚಳ ಬಿಚ್ಚಿ ಮುಂದಿಟ್ಟರಂತೆ. "ಇದೇನಾ ನೋಡಿ ಮೇಡಂ?" ಅದೇ. ಮಾರನೇ ದಿನ ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯಿಂದ ಹೊಸದು ಬಂತು. ಅಕ್ಕಿರೊಟ್ಟಿ ತಟ್ಟುವ ಕೈಗೆ ಟಾರ್ಟಿಯಾ ಯಾವ ಲೆಕ್ಕ? ಮೆಕ್ಸಿಕೊದ ಕಪ್ಪು ಬೀನ್ಸ್ ಸಿಗದೆ ಅಲಸಂದೆ ಬಿತ್ತು. ಗ್ವಾಕಮೋಲೆ ಅನ್ನುವ ಅವರ ಚಟ್ನಿಗೆ ಮೇಡಂ ಆ್ಯಪಿನಿಂದ ಬಲೆ ಅಂಗಿ ತೊಟ್ಟ ಅವಕಾಡೊ ತರಿಸಿದರು. ಅದೇ ದಿನ ಗೇಟಿನ ಆಚೆ ತಳ್ಳುಗಾಡಿಯಲ್ಲಿ ಕೊಡಗಿನ ಬೆಣ್ಣೆಹಣ್ಣು ಕಾಲು ಭಾಗದ ಬೆಲೆಗೆ ಇತ್ತು. ನಮ್ಮೂರಿನ ಜ್ಯೂಸ್ ಅಂಗಡಿಗಳು ಎಷ್ಟೋ ವರ್ಷದಿಂದ ಸಕ್ಕರೆ ಹಾಲು ಹಾಕಿ ತಿರುವಿ ಕೊಡುತ್ತಿದ್ದ ಬಟರ್ ಫ್ರೂಟ್ ಅದೇ. ಅಂಗಿ ಇರಲಿಲ್ಲ, ಅಷ್ಟೆ.

ನಮ್ಮ ಮನೆಯ ಕಥೆ ಇನ್ನೂ ಸುಲಭ. ಇಥಿಯೋಪಿಯಾದ ಇಂಜೆರಾ ಅನ್ನುವ ಹುಳಿ ರೊಟ್ಟಿಗೆ ಟೆಫ್ ಅನ್ನುವ ಸಾಸಿವೆಗಿಂತ ಸಣ್ಣ ಕಾಳು ಬೇಕು, ಸಿಗಲಿಲ್ಲ. ರಾಗಿ ಹಿಟ್ಟನ್ನೇ ಕಲಸಿ ಮೂರು ದಿನ ಹುಳಿ ಬರಿಸಿದೆವು, ಅಂದರೆ ಬರಿಸಿದರು. ಮೋಸ ಅನ್ನಬೇಡಿ, ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ. ಅಲ್ಲಿಂದ ಇಲ್ಲಿಗೆ ಬಂದು ಸಾವಿರಾರು ವರ್ಷವಾಗಿ, ನಮ್ಮ ಮುದ್ದೆಯಾಗಿ, ಈಗ ನಮ್ಮನ್ನೇ 'ಲೋಕಲ್' ಅಂತ ಹಂಗಿಸುತ್ತಿದೆ. ಮಸೂರ್ ಬೇಳೆಯ ಖಾರದ ಗೊಜ್ಜು, ಸೊಪ್ಪಿನ ಪಲ್ಯ, ಎಲ್ಲ ಇಂಜೆರಾ ಮೇಲೇ ಬಡಿಸಬೇಕು. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ, ಅವತ್ತು ಮಾಂಸ ಬಿಡಿ, ಹಾಲು ಮೊಟ್ಟೆಯನ್ನೂ ಮುಟ್ಟುವುದಿಲ್ಲ ಅಂತ ಜಯಕ್ಕನಿಗೆ ಹೇಳಿದೆ. "ನಮ್ಮ ಶನಿವಾರ ಇದ್ದಂಗೆ," ಅಂದರು. ನಾನು ಎರಡು ವಾರ ಓದಿ ತಿಳಿದದ್ದು ಅವರಿಗೆ ಮೂರು ಪದದಲ್ಲಿ ಮುಗಿಯಿತು.

ಭಾನುವಾರ ಜಯಕ್ಕನಿಗೆ ರಜೆ. ಐದೂ ಮನೆಯವರು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ 'ಸ್ವಲ್ಪ ಹೆಲ್ಪಿಗೆ ಬಾ' ಅಂತ ಕರೆದಿದ್ದೆವು. ಅವರು ಬೆಳಗಿನ ಜಾವ ಐದಕ್ಕೇ ಬಂದು, ಹತ್ತೂವರೆಗೆ ಐದೂ ದೇಶ ಮುಗಿಸಿ ಬಸ್ ಹತ್ತಿದರು.

ಕ್ಲಬ್‌ಹೌಸಿನಲ್ಲಿ ಮೇಜಿಗೊಂದು ಬಾವುಟ. ಹಿಂದೆ ಏಪ್ರನ್ ಕಟ್ಟಿಕೊಂಡು ನಾವು. ನನ್ನ ಏಪ್ರನ್ ಮೇಲೆ ಮಡಿಕೆಯ ಗೆರೆ ಹಾಗೇ ಇತ್ತು. ಬೇರೆ ಮೇಜುಗಳ ರುಚಿ ನೋಡುತ್ತ ಹೋದೆ. ಲೆಬನಾನಿನ ಕಡಲೆ ಚಟ್ನಿ ಹಮ್ಮಸ್ಸಿನಲ್ಲಿ ಅದೇ ಜೀರಿಗೆ, ಅದೇ ಜಜ್ಜಿದ ಬೆಳ್ಳುಳ್ಳಿ. ಪೆರುವಿನ ಸೂಪಿನಲ್ಲಿ ಕಾಣದ ಹಾಗೆ ಕರಿಬೇವು. ಕಿಮ್ಚಿಯಲ್ಲಿ ಮೀನಿನ ಬದಲು ಇಂಗು. ಐದು ದೇಶ ಸುತ್ತಿದರೂ ನನ್ನ ನಾಲಿಗೆ ಮಂಗಳವಾರದ ನಮ್ಮನೆ ಹುಳಿ ಬಿಟ್ಟು ಆಚೆ ಹೋಗಲಿಲ್ಲ. ತೀರ್ಪುಗಾರರಾಗಿ ಬಂದಿದ್ದ ಡಯಟಿಷಿಯನ್ ಮಾತ್ರ ಕಣ್ಣು ಮುಚ್ಚಿ ಚಪ್ಪರಿಸಿ, ಒಂದೊಂದು ದೇಶದ ಮಣ್ಣಿನ ಗುಣವೂ ಬೇರೆ ಬೇರೆಯಾಗಿ ತಿಳಿಯುತ್ತಿದೆ ಅಂದರು. ಹಿಟ್ಟು ಎಷ್ಟು ದಿನ ಹುಳಿ ಬರಿಸಿದಿರಿ ಅಂತ ನನ್ನನ್ನು ಕೇಳಿದರು. "ಅದು... ಬರೋವರೆಗೂ," ಅಂದೆ. ಪಕ್ಕದಲ್ಲಿದ್ದ ಹೆಂಡತಿ ಕಾಲು ತುಳಿದಳು. ತೀರ್ಪುಗಾರರು 'ಇಂಟ್ಯೂಟಿವ್' ಅಂತ ಬರೆದುಕೊಂಡರು.

ಮೊದಲ ಬಹುಮಾನ ಮೆಕ್ಸಿಕೊಗೆ ಹೋಯಿತು, ಏರ್ ಫ್ರೈಯರ್. ಮೇಡಂ ಮೈಕಿನಲ್ಲಿ ಸುಣ್ಣದ ಬಗ್ಗೆ ಹತ್ತು ನಿಮಿಷ ಮಾತಾಡಿದರು, ನಿಯಾಸಿನ್ ಎಲ್ಲ ಸರಿಯಾಗಿಯೇ ಹೇಳಿದರು. ಎಲೆ ಅಡಿಕೆ ಚೀಲ ಮಾತ್ರ ಎಲ್ಲೂ ಬರಲಿಲ್ಲ. ಒಂದೂವರೆಗೆ ಗೇಟಿನಲ್ಲಿ ಡೆಲಿವರಿ ಹುಡುಗರ ಸಾಲು. ದೊನ್ನೆ ಬಿರಿಯಾನಿಯ ಘಮ ಸರ್ವಿಸ್ ಲಿಫ್ಟಿನಲ್ಲಿ ಒಂದೊಂದೇ ಮಹಡಿ ಹತ್ತುತ್ತಿತ್ತು, ಹನ್ನೊಂದರಲ್ಲೂ ನಿಂತಿತು.

ಸೋಮವಾರ ಜಯಕ್ಕ ಚೀಲ ಇಟ್ಟು ಕೈ ತೊಳೆಯುತ್ತ ಕೇಳಿದರು. "ಯಾವುದು ಸಾರ್ ಫಸ್ಟ್ ಬಂದಿದ್ದು?"

"ಮೆಕ್ಸಿಕೊ."

"ಆರನೇ ಫ್ಲೋರಿಂದಾ?" ಒಂದು ಕ್ಷಣ ಯೋಚನೆ ಮಾಡಿದರು. "ಅದಕ್ಕೆ ಉಪ್ಪು ಒಂಚೂರು ಜಾಸ್ತಿ ಆಗಿತ್ತು ಸಾರ್. ನಿಮ್ದೇ ಚೆನ್ನಾಗಿತ್ತು." ಆಮೇಲೆ ಫ್ರಿಜ್ ತೆಗೆದು ನೋಡಿ, "ಇವತ್ತೇನು ಮಾಡ್ಲಿ, ಇದೇ ಹುಳಿ ಹಿಟ್ಟು ಮಿಕ್ಕದೆ, ದೋಸೆ ಹುಯ್ದುಬಿಡ್ಲಾ?" ಅಂದರು.