ಚಳಿ, ಚಾಲಿ, ವಾರ್ತೆ

ನಮ್ಮ ಕಾಸರಗೋಡಿನ ಚಳಿಯನ್ನು ಚಳಿಯೆಂದು ಒಪ್ಪಲು ಘಟ್ಟದ ಮೇಲಿನ ನೆಂಟರು ಯಾರೂ ತಯಾರಿಲ್ಲ. ಮಡಿಕೇರಿಯಿಂದ ಬರುವ ತಂಗಿ ಡಿಸೆಂಬರಿನಲ್ಲೂ ಫ್ಯಾನು ಹಾಕಿಯೇ ಮಲಗುತ್ತಾಳೆ. ಅವಳಿಗೇನು ಗೊತ್ತು! ಕಡಲ ಬದಿಯ ಜನಕ್ಕೆ 20 ಡಿಗ್ರಿ ಎಂದರೆ ಬೈರಾಸನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಳ್ಳಬೇಕಾದ ಸಂಗತಿ. ಧನು ತಿಂಗಳ ಬೆಳಗ್ಗೆ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬಿ, ಹಂಡೆಯ ನೀರು ಕಾಯಲಿ ಎಂಬ ನೆಪದಲ್ಲಿ ಒಲೆಯ ಎದುರೇ ಕುಕ್ಕರುಗಾಲಿನಲ್ಲಿ ಕೂರುವ ಸುಖಕ್ಕಾದರೂ ಇದನ್ನು ಚಳಿಗಾಲ ಎನ್ನಲೇಬೇಕು. ಗೆಣಸು ಇದ್ದರೆ ಕೆಂಡದೊಳಗೆ ಒಂದೆರಡು ಹುಗಿದಿಡಬಹುದು. ಬಿಸಿಲು ಅಂಗಳಕ್ಕೆ ಇಳಿಯಿತೋ, ಚಳಿ ಮುಗಿಯಿತು. ಮಧ್ಯಾಹ್ನಕ್ಕೆ ಬೆವರು.

ಈ ತಿಂಗಳುಗಳಲ್ಲಿ ಅಂಗಳ ಮನೆಯವರದ್ದಲ್ಲ, ಅಡಿಕೆಯದ್ದು. ಕೊಯ್ದ ಹಣ್ಣಡಿಕೆ ಚಾಲಿ, ಅಂದರೆ ಸಿಪ್ಪೆಸಮೇತ ಒಣಗಿದ ಅಡಿಕೆ, ಆಗಬೇಕಾದರೆ 40-45 ದಿನದ ಒಳ್ಳೆಯ ಬಿಸಿಲು ಬೇಕು. ಹರಡಿದ ಮೊದಲ ದಿನಗಳಲ್ಲಿ ಅಂಗಳವಿಡೀ ಕಿತ್ತಳೆ ಬಣ್ಣ, ಆಮೇಲೆ ಕಂದು, ಕೊನೆಗೆ ಬೂದಿ. ಒಂದನ್ನು ಹೆಕ್ಕಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಅನ್ನದಿದ್ದರೆ ಇನ್ನೂ ಒಣಗಲಿ. ದಿನಕ್ಕೊಮ್ಮೆ ಮಗುಚುವುದು, ಸಂಜೆ ಇಬ್ಬನಿ ಬೀಳುವ ಮೊದಲು ಹೊಸ ಅಡಿಕೆಗೆ ಟರ್ಪಾಲು ಎಳೆಯುವುದು, ಮಂಗ ಬಂದರೆ ಕೂಗುವುದು. ಇಷ್ಟು ಬಿಟ್ಟರೆ ದೊಡ್ಡ ಕೆಲಸವಿಲ್ಲ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಿದು. ಜೂನಿನಿಂದ ಮಾತಾಡಬೇಕಾದರೆ ಕೂಗಿಯೇ ಹೇಳಬೇಕು. ಆ ಗದ್ದಲ ಮುಗಿದ ಮೇಲೆ ಸಿಗುವ ಮೌನಕ್ಕೆ ಒಂದು ತೂಕವಿದೆ. ಅದರ ಒಳಗೆ ಕಿವಿಗೊಟ್ಟರೆ ಕೇಳುವುದು ತೋಡಿನ ಸದ್ದು ಮಾತ್ರ, ಅದೂ ಕಟ್ಟ ಹಾಕುವವರೆಗೆ. ಮಳೆ ಬಿಟ್ಟು ತೋಡು ಸಪೂರವಾಗುವ ಹೊತ್ತಿಗೆ ಊರವರು ಸೇರಿ ಅಡ್ಡಕ್ಕೆ ಕಲ್ಲು, ಮಣ್ಣು, ಸೊಪ್ಪು ಒಟ್ಟಿ ನೀರು ನಿಲ್ಲಿಸುತ್ತಾರೆ. ಮುಂದಿನ ಮಳೆ ಬಂದು ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಹಾಕುತ್ತಾರೆ. ಏತಡ್ಕದ ಕಡೆ ಇಂಥ ಕಟ್ಟಗಳು ಸಾಲಾಗಿಯೇ ಇವೆ. ನಿಂತ ನೀರು ನೆಲಕ್ಕಿಳಿದು ಕೆಳಗಿನ ತೋಟದ ಕೆರೆಯಲ್ಲಿ ಏಳುತ್ತದೆ. ಯಾರದೋ ಮನೆಯ ಹತ್ತಿರ ತಡೆದ ನೀರು ಇನ್ಯಾರದೋ ಮನೆಯ ಪಂಪಿಗೆ ಸಿಗುವ ವ್ಯವಸ್ಥೆ. ಇದರಲ್ಲಿ ಜಗಳವೇ ಇಲ್ಲವೆಂದು ಹೇಳಿದರೆ ಊರವರು ನಕ್ಕಾರು. ಯಾರ ಮನೆಯಿಂದ ಎಷ್ಟು ಆಳು ಬಂತು ಎಂಬ ಲೆಕ್ಕ ಮೂರು ತಲೆಮಾರಿಗೂ ಚುಕ್ತಾ ಆಗಿಲ್ಲ.

ಹೀಗೆ ಬಚ್ಚಲೊಲೆ, ಅಡಿಕೆ, ಕಟ್ಟದ ನೀರು ಎಂದು ಇರುವಾಗ ಜಗಲಿಯ ಮೂಲೆಯಿಂದ ಆಕಾಶವಾಣಿ ಮಂಗಳೂರು ಮಾತಾಡುತ್ತದೆ. ಅತ್ತೆಗೆ ಫೋನಿನ ವಾರ್ತೆಯಲ್ಲಿ ನಂಬಿಕೆಯಿಲ್ಲ. ಅದನ್ನು ಬೇಕಾದಾಗ ನೋಡಬಹುದಂತೆ, ಬೇಕಾದಾಗ ಸಿಗುವುದು ವಾರ್ತೆ ಹೇಗಾದೀತು ಎಂದು ಅವರ ವಾದ. ರೇಡಿಯೋ ಹೇಳಿದ ಹೊತ್ತಿಗೆ ನಾವು ಕೇಳಬೇಕು. ಕೆಲವು ವರ್ಷಗಳಿಂದ ರೇಡಿಯೋ ಹೇಳುವುದೂ ಹೆಚ್ಚುಕಡಿಮೆ ಒಂದೇ: ಉಕ್ರೇನು, ಗಾಜಾ, ಸುಡಾನು, ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ದಾಳಿ. ಬಾಂಬು ಬಿದ್ದ ಊರಿನ ಹೆಸರು ಬಂದ ಕೂಡಲೇ ಅತ್ತೆ ಅಡಿಕೆಯಿಂದ ತಲೆಯೆತ್ತದೆ ಕೇಳುತ್ತಾರೆ: "ಅಲ್ಲಿ ನಮ್ಮವು ಆರಾರು ಇದ್ದವೋ ಕೂಸೆ?"

ಮದುವೆಯಾಗಿ ಬಂದ ಹೊಸತಿನಲ್ಲಿ ಈ ಪ್ರಶ್ನೆ ನನಗೆ ಸ್ವಾರ್ಥದ್ದಾಗಿ ಕಾಣುತ್ತಿತ್ತು. ನಮ್ಮವರಿದ್ದರೆ ಮಾತ್ರ ಕಳವಳವೇ, ಇಲ್ಲದಿದ್ದರೆ ಎಷ್ಟು ಜನ ಸತ್ತರೂ ಅಡಿಕೆ ಮಗುಚುವುದೇ? ಆದರೆ ಕಾಸರಗೋಡಿನಲ್ಲಿ ಕೂತು ಈ ಪ್ರಶ್ನೆ ಕೇಳಿದರೆ 'ಇಲ್ಲ' ಎಂಬ ಉತ್ತರ ಸಿಗುವುದು ಕಷ್ಟ. ಇಲ್ಲಿಯ ಮನೆಗಳಿಗೆ ಕೊಲ್ಲಿಯೆಂದರೆ ಪುತ್ತೂರಿಗಿಂತ ಹತ್ತಿರ. ಇಸ್ರೇಲಿನಲ್ಲಿ ಮುದುಕರ ಆರೈಕೆಗೆ ಹೋದವರು ಕೇರಳದಲ್ಲೂ ಇದ್ದಾರೆ, ಮಂಗಳೂರಿನ ಕಡೆಯೂ ಇದ್ದಾರೆ. ಉಕ್ರೇನಿಗೆ ವೈದ್ಯಕೀಯ ಓದಲು ಹೋದವರಲ್ಲಿ ಹಾವೇರಿಯ ಹುಡುಗನೊಬ್ಬ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ಸಾಮಾನು ತರಲು ಹೊರಗೆ ಹೋದವನು ದಾಳಿಗೆ ಸಿಕ್ಕಿ ತೀರಿಕೊಂಡ. ಅಂದು ಅತ್ತೆ ಹಾವೇರಿ ಎಲ್ಲಿ ಎಂದು ಕೇಳಲಿಲ್ಲ. ಅವನ ಅಮ್ಮನಿಗೆ ಬೇರೆ ಮಕ್ಕಳಿದ್ದಾರೋ ಎಂದು ಕೇಳಿದರು.

ಆ ಪ್ರಶ್ನೆ ಅವರಿಗೆ ಅಂಟಿದ್ದು 1990ರಲ್ಲಿ ಇರಬೇಕು. ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಆಚೆ ಗುಡ್ಡೆಯ ಬ್ಯಾರಿಗಳ ಮನೆಯ ಹಿರಿಮಗ ಕುವೈತಿನಲ್ಲಿದ್ದ. ಫೋನು ಎಲ್ಲಿಯದು, ಕಾಗದವೂ ನಿಂತಿತು. ಆ ಮನೆಯ ಹಿರಿಯರಾದ ಇಚ್ಚ ಬೆಳಗ್ಗೆ ನಮ್ಮ ಜಗಲಿಗೆ ಬಂದು ವಾರ್ತೆ ಕೇಳಿ ಹೋಗುತ್ತಿದ್ದರಂತೆ, ಸಂಜೆ ಮಲಯಾಳ ವಾರ್ತೆಯನ್ನು ಮತ್ತೆಲ್ಲೋ ಕೇಳಿ ಎರಡನ್ನೂ ತಾಳೆ ನೋಡುತ್ತಿದ್ದರಂತೆ. ಸರಕಾರ ಅಮ್ಮಾನ್ ಮೂಲಕ 1,70,000ಕ್ಕಿಂತ ಹೆಚ್ಚು ಜನರನ್ನು ವಿಮಾನದಲ್ಲಿ ಕರೆತಂದದ್ದು ಈಗ ದಾಖಲೆ ಎನ್ನುತ್ತಾರೆ. ಆಗ ಇಚ್ಚನಿಗೆ ಬೇಕಾಗಿದ್ದದ್ದು ಅವರೊಳಗಿನ ಒಬ್ಬ. ಅವನೂ ಬಂದ, ಮಳೆ ಬಿಟ್ಟ ಮೇಲೆ, ಒಂದು ಚೀಲ ಮಾತ್ರ ಹಿಡಿದುಕೊಂಡು. ಮರುವರ್ಷ ಜನವರಿ 17ರಂದು ಬಗ್ದಾದಿನ ಮೇಲೆ ಬಾಂಬು ಬೀಳಲು ಶುರುವಾದಾಗ ಇಲ್ಲಿ ಕುಂಬಳೆ ಜಾತ್ರೆಯ ವಾರ. ರಾತ್ರಿ ಬೆಡಿಯ, ಅಂದರೆ ಸಿಡಿಮದ್ದಿನ, ಸದ್ದು ಗುಡ್ಡೆ ದಾಟಿ ಬರುತ್ತಿದ್ದರೆ ಆ ಹುಡುಗ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡನಂತೆ. ಚಿಕ್ಕಂದಿನಿಂದ ಅದೇ ಬೆಡಿ ನೋಡಲು ಅಪ್ಪನ ಹೆಗಲೇರಿ ಹೋದವನು. ಅತ್ತೆ ಇದನ್ನು ಹೇಳುವಾಗ ಏನೂ ಸೇರಿಸುವುದಿಲ್ಲ, ನಾನೂ ಸೇರಿಸುವುದಿಲ್ಲ.

ಪೇಟೆಯ ಹೋಟೆಲಿನಲ್ಲಿ ಪ್ರಶ್ನೆ ಬೇರೆ. ಅಲ್ಲಿ ಯಾರು ಸರಿ ಎಂಬುದೇ ವಿಷಯ. ಪುಟಿನ್ ಮುಂದೆ ಏನು ಮಾಡಬೇಕೆಂದು ಗೋಳಿಬಜೆಯ ಪ್ಲೇಟು ಖಾಲಿಯಾಗುವುದರೊಳಗೆ ತೀರ್ಮಾನವಾಗುತ್ತದೆ. ಕಟ್ಟಕ್ಕೆ ಆಳು ಕಳಿಸದವರು ಕೂಡ ಅಲ್ಲಿ ಗಡಿ ಎಲ್ಲಿ ಹಾಕಬೇಕೆಂದು ಮೇಜಿನ ಮೇಲೆ ಚಾದ ನೀರಿನಲ್ಲಿ ಬರೆದು ತೋರಿಸುತ್ತಾರೆ. ನಮ್ಮ ಮನೆಯವರು ಇದಕ್ಕೆ ಸೇರುವವರಲ್ಲ. ಅವರು ಯುದ್ಧದ ಸುದ್ದಿಯನ್ನು ಮಾರುಕಟ್ಟೆಯ ಧಾರಣೆಯ ಮೂಲಕ ಓದುತ್ತಾರೆ. ಹಡಗು ಸೂಯೆಜ್ ಬಿಟ್ಟು ಆಫ್ರಿಕ ಸುತ್ತಿದರೆ ಗೊಬ್ಬರಕ್ಕೆಷ್ಟು, ವಿಯೆಟ್ನಾಮಿನಲ್ಲಿ ಬೆಳೆ ಹೇಗಿದೆ, ಹಾಗಾದರೆ ನಮ್ಮ ಕರಿಮೆಣಸಿಗೆಷ್ಟು. ನಿಜ ಹೇಳಬೇಕೆಂದರೆ ಇದೂ ಒಂದು ಪ್ರಾಮಾಣಿಕ ಓದು. ಕನಿಷ್ಠ ಅವರು ಯಾರ ಪರವಾಗಿಯೂ ಕೂಗುವುದಿಲ್ಲ.

ಎಲ್ಲರನ್ನೂ ಒಟ್ಟಿಗೆ ಎಬ್ಬಿಸುವ ವಾರ್ತೆ ಒಂದೇ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಅದು ಬಂತೆಂದರೆ ಅಮೆರಿಕವೂ ಇಲ್ಲ, ರಷ್ಯವೂ ಇಲ್ಲ. 2024ರ ನವೆಂಬರ್ 30ರಂದು ಫೆಂಜಲ್ ಎಂಬ ಚಂಡಮಾರುತ ಪುದುಚೇರಿಯ ಹತ್ತಿರ ದಡ ಹತ್ತಿತು. ಅದು ಪೂರ್ವದ ಕಡಲಿನ ವ್ಯವಹಾರ ಎಂದುಕೊಳ್ಳುವ ಹಾಗಿಲ್ಲ. ಡಿಸೆಂಬರ್ ಮೊದಲ ವಾರದಲ್ಲೇ ಅದರ ಉಳಿಕೆ ನಮ್ಮ ತಲೆಯ ಮೇಲೆ ಸುರಿಯಿತು. ಅರ್ಧ ಒಣಗಿದ ಅಡಿಕೆ ಒದ್ದೆಯಾದರೆ ಬೂಸರು, ಬೂಸರು ಹಿಡಿದದ್ದು ಚಾಲಿಯಾಗಿ ಮಾರುಕಟ್ಟೆಯಲ್ಲಿ ಒಳ್ಳೆಯ ಮಾತು ಕೇಳುವುದಿಲ್ಲ. ಅವತ್ತು ಬುಟ್ಟಿ, ಗೋಣಿ, ಹಳೆಯ ಸೀರೆ, ಕೊನೆಗೆ ಬ್ಯಾಡ್ಮಿಂಟನ್ ಬಲೆಯನ್ನೂ ಹಿಡಿದುಕೊಂಡು ಓಡಿದ್ದೇವೆ. ಬಲೆ ಯಾಕೆ ಎಂದು ಇವತ್ತಿಗೂ ಯಾರೂ ಹೇಳಿಲ್ಲ.

ಹಳ್ಳಿಯೆಂದರೆ ಲೋಕದ ತಾಪತ್ರಯ ತಲುಪದ ಜಾಗ ಎಂದು ಬೆಂಗಳೂರಿನಿಂದ ರಜೆಗೆ ಬಂದವರು ಅಂಗಳದಲ್ಲಿ ನಿಂತು ಉಸಿರೆಳೆದು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಚಾ ಕೊಡುವವಳು ಸಿಟ್ಟು ಮಾಡಬಾರದೆಂದು ಸುಮ್ಮನಿರುತ್ತೇನೆ. 2020ರ ಫೆಬ್ರವರಿ 3ರಂದು ದೇಶದ ಮೂರನೆಯ ಕೋವಿಡ್ ಪ್ರಕರಣ ಪತ್ತೆಯಾದದ್ದು ಇದೇ ಜಿಲ್ಲೆಯಲ್ಲಿ, ವುಹಾನ್‌ನಿಂದ ಮರಳಿದ ವಿದ್ಯಾರ್ಥಿಯಲ್ಲಿ. ಮಾರ್ಚ್ ಮುಗಿಯುವುದರೊಳಗೆ ಕರ್ನಾಟಕಕ್ಕೆ ಹೋಗುವ ರಸ್ತೆಗಳ ಮೇಲೆ ಮಣ್ಣಿನ ರಾಶಿ ಬಿತ್ತು, ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1956ರ ನವೆಂಬರ್ 1ರಂದು ಕಾಗದದ ಮೇಲೆ ಎಳೆದ ಗೆರೆಯನ್ನು ಅಷ್ಟು ವರ್ಷ ನಾವು ಬಸ್ಸಿನಲ್ಲಿ ತೂಕಡಿಸುತ್ತಲೇ ದಾಟಿದ್ದೆವು. ಅದಕ್ಕೆ ಎತ್ತರವೂ ಉಂಟೆಂದು ಆಗ ಗೊತ್ತಾಯಿತು.

ಅದಕ್ಕೂ ಮೊದಲಿನದು ಇನ್ನೊಂದಿದೆ. ಗೇರು ಹೂ ಬಿಡುವ ಕಾಲ ಇದು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಹೆಲಿಕಾಪ್ಟರ್ ಬಂತೆಂದು ಮಕ್ಕಳು ಶಾಲೆಯಿಂದ ಹೊರಗೆ ಓಡಿ ಕೈಬೀಸುತ್ತಿದ್ದರು. ಗುಡ್ಡದ ತೋಟದ ಕೆಳಗೇ ತೋಡು, ಗುಡ್ಡ ಕೊರೆದು ನೀರು ತರುವ ಸುರಂಗ, ಕುಡಿಯುವ ನೀರು. ಪಡ್ರೆಯಂಥ ಊರುಗಳಲ್ಲಿ ಆಮೇಲೆ ಹುಟ್ಟಿದ ಮಕ್ಕಳ ಚಿತ್ರಗಳನ್ನು ಲೋಕವೆಲ್ಲ ನೋಡಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ದೇಶದೇಶದವರು ಕೂತು ಆ ವಿಷವನ್ನು ಜಗತ್ತಿನಿಂದಲೇ ತೆಗೆಯಬೇಕೆಂದು ಒಪ್ಪಿದರು. ಅಂದು ವಾರ್ತೆಯಲ್ಲಿ ನಮ್ಮ ಊರಿನ ಹೆಸರಿತ್ತು. ಎಲ್ಲೋ ಬೇರೆ ದೇಶದಲ್ಲಿ, ಬೇರೆ ಅಂಗಳದಲ್ಲಿ, ಯಾರೋ ಕಾಳು ಒಣಗಿಸುತ್ತಾ ಅದನ್ನು ಕೇಳಿರಬಹುದು. ಕೇಳಿ, ಅಲ್ಲಿ ನಮ್ಮವರು ಯಾರೂ ಇಲ್ಲವಲ್ಲ ಎಂದು ರೇಡಿಯೋ ಆರಿಸಿಯೂ ಇರಬಹುದು. ಆ ದಿನಗಳೂ ಹೀಗೇ ಇದ್ದವೆಂದು ಅತ್ತೆ ಹೇಳುತ್ತಾರೆ: ಬಿಸಿಲು, ಇಬ್ಬನಿ, ಅಡಿಕೆ, ಸದ್ದಿಲ್ಲದ ಮಧ್ಯಾಹ್ನ.

ಹಾಗೆಂದು ಈ ಮೌನವನ್ನು ಅನುಭವಿಸಬಾರದು ಎನ್ನುವವಳಲ್ಲ ನಾನು. ಗೆಣಸು ತಿನ್ನುವಾಗ ಗಾಜಾದ ನೆನಪಾಗಿ ತುತ್ತು ಇಳಿಯಲಿಲ್ಲ ಎಂದು ಬರೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಂಶಯ. ನನಗೆ ಇಳಿಯುತ್ತದೆ. ಇಳಿದ ಮೇಲೆಯೂ ನೆನಪು ಹೋಗುವುದಿಲ್ಲ, ಅಷ್ಟೆ. ಮಂಜೇಶ್ವರದ ಮನೆಯಲ್ಲಿ ಕೂತೇ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನೂ ಬುದ್ಧನ ಕೊನೆಯ ದಿನವನ್ನೂ ಕಾವ್ಯವಾಗಿಸಿದರು. ಅವರ ಅಂಗಳದಿಂದಲೂ ಜೆರುಸಲೇಮ್ ದೂರವೇ ಇತ್ತು. ಇರಾನಿನ ಮೇಲೆ 2025ರ ಜೂನಿನಲ್ಲಿ ಬಾಂಬು ಬಿದ್ದಾಗ ನನಗೆ ಮೊದಲು ನೆನಪಾದದ್ದು ಅಲ್ಲಿನ ಕನಾತ್‌ಗಳು. ಗುಡ್ಡದ ಹೊಟ್ಟೆಯಿಂದ ಪಂಪಿಲ್ಲದೆ ನೀರು ತರುವ ಸುರಂಗಗಳು ಅವು, ನಮ್ಮ ಸುರಂಗದ ದೊಡ್ಡಪ್ಪನ ಮಕ್ಕಳು. 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿವೆ. ಅಲ್ಲಿ ನಮ್ಮವರು ಇದ್ದಾರೋ ಎಂಬ ಅತ್ತೆಯ ಪ್ರಶ್ನೆಗೆ, ನಮ್ಮ ಹಾಗೆ ಸುರಂಗದ ನೀರು ಕುಡಿಯುವವರು ಇದ್ದಾರೆ ಎಂದೆ. ಉಡಾಫೆಯ ಉತ್ತರ. ಅವರು ಮಾತ್ರ ಹೌದೋ ಎಂದು ಕೈ ನಿಲ್ಲಿಸಿ, ಸುರಂಗಕ್ಕೆ ಅವರೂ ಬಾವಲಿ ಬಾರದ ಹಾಗೆ ಏನಾದರೂ ಅಡ್ಡ ಹಾಕುತ್ತಾರೋ ಎಂದು ವಿಚಾರಿಸಿದರು.

ಸುಡಾನಿನ ಸರದಿ ಬಂದಾಗ ನಾನು ಗೆದ್ದೆನೆಂದುಕೊಂಡೆ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾದಾಗ, ಅಲ್ಲಿ ನಮ್ಮವರು ಯಾರೂ ಇರಲಿಕ್ಕಿಲ್ಲ ಅತ್ತೆ ಎಂದು ಧೈರ್ಯವಾಗಿ ಹೇಳಿದೆ. ಎರಡೇ ದಿನದಲ್ಲಿ ಪೇಪರಿನಲ್ಲಿ ಬಂತು: ಕರ್ನಾಟಕದ ಹಕ್ಕಿಪಿಕ್ಕಿ ಜನ ಎಲ್-ಫಶರ್ ಎಂಬಲ್ಲಿ ಸಿಕ್ಕಿಬಿದ್ದಿದ್ದಾರೆ, ನಾಟಿ ಮದ್ದು ಮಾರಲು ಹೋದವರು. ಅತ್ತೆಗೆ ಅವರು ಗೊತ್ತು. ಜಾತ್ರೆಯಲ್ಲಿ ಅವರಿಂದ ತಲೆಗೆ ಎಣ್ಣೆ ಕೊಂಡಿದ್ದಾರೆ. ಕಾವೇರಿ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ಸರಕಾರ ಜನರನ್ನು ವಾಪಸು ಕರೆತಂದ ಮೇಲೆ ಸುಡಾನು ನಮ್ಮ ಜಗಲಿಯಿಂದ ಇಳಿಯಿತು. ಅಲ್ಲಿಯ ಯುದ್ಧ ನಿಲ್ಲಲಿಲ್ಲ, ನಾವು ಕೇಳುವುದು ನಿಂತಿತು.

2025ರ ಅಕ್ಟೋಬರ್ ಕೊನೆಗೆ ಅದೇ ಎಲ್-ಫಶರ್ ಬಿತ್ತು. ಚಳಿ ಬಂದರೂ ವಾರ್ತೆಯಲ್ಲಿ ಆ ಹೆಸರು ಬರುತ್ತಲೇ ಇತ್ತು. ಅಡಿಕೆ ಮಗುಚುತ್ತಿದ್ದ ಅತ್ತೆ ತಲೆಯೆತ್ತಿದರು.

"ಆ ಮದ್ದು ಮಾರುವೋರು ಅಂದೇ ಬಯಿಂದವನ್ನೆ?"

ಹೌದು, ಬಂದಿದ್ದಾರೆ ಎಂದೆ.

"ಅವರ ಕೈಂದ ಮದ್ದು ತೆಕ್ಕೊಂಡೋರು ಎಲ್ಲಿಗೆ ಹೋದವಡ?"

ಫೋನು ತೆರೆದು ಹುಡುಕಿದೆ. ಬಹಳ ಜನ ತವಿಲಾ ಎಂಬ ಊರಿನ ಕಡೆ ನಡೆದುಕೊಂಡು ಹೋದರಂತೆ, ಸುಮಾರು 60 ಕಿಲೋಮೀಟರು, ಮಕ್ಕಳನ್ನು ಎತ್ತಿಕೊಂಡು. ನಮ್ಮಲ್ಲಿಂದ ಮಂಗಳೂರಿಗಿಂತ ಇನ್ನಷ್ಟು ದೂರ ಎಂದು ಬಿಡಿಸಿ ಹೇಳಿದೆ.

"ದಾರಿಲಿ ಕುಡಿವಲೆ ನೀರು ಸಿಕ್ಕುಗೋ?"

ಅದನ್ನು ಇದರಲ್ಲಿ ಹೇಳಿಲ್ಲ ಎಂದೆ.

"ಅದರನ್ನೇ ಅಲ್ಲದೋ ಮದಾಲು ಹೇಳೆಕ್ಕಾದ್ದು?" ಎಂದು ರೇಡಿಯೋದ ಕಡೆ ನೋಡಿದರು, ಆಮೇಲೆ ನನ್ನ ಫೋನಿನ ಕಡೆ.