ಕೌಂಡಾ ಕುರ್ಚಿ ಬಿಟ್ಟುಕೊಟ್ಟದ್ದು ಅಷ್ಟು ದೊಡ್ಡ ಸಂಗತಿಯೇ?

ಪರ: ಅವತ್ತು ನಾನು ಕಿಟ್ವೆಯಲ್ಲಿದ್ದೆ

1991ರ ಅಕ್ಟೋಬರ್ 31, ಗುರುವಾರ. ಆಫ್ರಿಕಾದ ಜಾಂಬಿಯಾದಲ್ಲಿ ಚುನಾವಣೆ. ಅಧ್ಯಕ್ಷ ಕೆನೆತ್ ಕೌಂಡಾ ಕಣದಲ್ಲಿದ್ದರು. ಅಪ್ಪ ಅಲ್ಲಿನ ಕಿಟ್ವೆ ಊರಿನಲ್ಲಿ ಗಣಿತದ ಮೇಷ್ಟ್ರು, ನನಗೆ ಹನ್ನೊಂದು ವರ್ಷ. ಅಮ್ಮ ಆ ವಾರವೇ ಅಕ್ಕಿ, ಬೇಳೆ, ಮೇಣದಬತ್ತಿ ತಂದು ಮಂಚದ ಕೆಳಗೆ ತುಂಬಿದ್ದಳು. ಬಚ್ಚಲಲ್ಲಿ ಇದ್ದಬದ್ದ ಬಕೆಟ್ಟಿಗೆಲ್ಲ ನೀರು.

ಭಯ ಸುಮ್ನೆ ಹುಟ್ಟಿದ್ದಲ್ಲ. ಹಿಂದಿನ ವರ್ಷ ಮೆಕ್ಕೆಜೋಳದ ಹಿಟ್ಟಿನ ಬೆಲೆ ದುಪ್ಪಟ್ಟು ದಾಟಿದಾಗ ರಾಜಧಾನಿ ಲುಸಾಕಾದಲ್ಲಿ ಗಲಭೆಯಾಗಿ ಜನ ಸತ್ತಿದ್ದರು. ಗಡಿಯಾಚೆ ಜೈರ್‌ನಲ್ಲಿ (ಈಗಿನ ಕಾಂಗೋ) ಸಂಬಳ ಸಿಗದ ಸೈನಿಕರೇ ಅಂಗಡಿಗಳಿಗೆ ನುಗ್ಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ನಮ್ಮ ಬೀದಿಯ ಗುಜರಾತಿ ಅಂಗಡಿಯವರು ಶಟರ್ ಎಳೆದು, ಒಳಗೆ ಗೋಣಿಚೀಲ ಒಡ್ಡಿದ್ದರು.

ಕೆನೆತ್ ಕೌಂಡಾ ಸೋತರು. 27 ವರ್ಷ ಆಳಿದವರಿಗೆ ಬಿದ್ದದ್ದು ನೂರಕ್ಕೆ ಸುಮಾರು 24 ಮತ. ಗೆದ್ದವರು ಕಾರ್ಮಿಕ ಮುಖಂಡ ಫ್ರೆಡರಿಕ್ ಚಿಲುಬಾ. 1981ರಲ್ಲಿ ಇದೇ ಚಿಲುಬಾರನ್ನು ಕೌಂಡಾ ಸರ್ಕಾರ ಒಳಗೆ ಹಾಕಿತ್ತು. ಅಂಥವರ ಕೈಗೆ ದೇಶ ಕೊಡಬೇಕು. ಸೈನ್ಯ, ಪೊಲೀಸ್, ರೇಡಿಯೋ ಎಲ್ಲ ಇನ್ನೂ ಕೌಂಡಾ ಕೈಯಲ್ಲೇ ಇತ್ತು.

ಅವರು ಟಿವಿಯಲ್ಲಿ ಬಂದು ಸೋಲು ಒಪ್ಪಿಕೊಂಡರು. ಪಕ್ಕದ ಮನೆಯ ನರ್ಸಮ್ಮನ ಟಿವಿ ಮುಂದೆ ನಾವೆಲ್ಲ ಕೂತಿದ್ದೆವು. ಆಕೆ ಬದಲಾವಣೆಗೇ ವೋಟು ಹಾಕಿದ್ದವಳು. ಆದರೂ ಸೆರಗಿನಂತೆ ಹೊದ್ದಿದ್ದ ಬಟ್ಟೆಯ ತುದಿಯಲ್ಲಿ ಕಣ್ಣೊರೆಸಿಕೊಂಡಳು. ನವೆಂಬರ್ 2ರಂದು ಚಿಲುಬಾ ಪ್ರಮಾಣವಚನ ತೆಗೆದುಕೊಂಡರು. ನಮ್ಮ ಬೀದಿಯಲ್ಲಿ ಒಂದು ಗಾಜೂ ಒಡೆಯಲಿಲ್ಲ. ಮಂಚದ ಕೆಳಗಿನ ಅಕ್ಕಿಯನ್ನು ನಾವು ಸಂಕ್ರಾಂತಿವರೆಗೂ ಉಂಡೆವು.

27 ವರ್ಷ ಯಾಕೆ ಕೂತರು ಅಂತ ಕೆಲವರು ಕೇಳುತ್ತಾರೆ. ಅವರಿಗೆ ಎಲ್ಲ ನಾಯಕರೂ ಒಂದೇ. ಪಕ್ಕದ ಜೈರ್‌ನ ಅಧ್ಯಕ್ಷ ಮೊಬುಟು ಬಂಡುಕೋರರು ಬಂದು ಓಡಿಸುವ ತನಕ, 1997ರವರೆಗೆ, ಎದ್ದೇಳಲಿಲ್ಲ. ಕೌಂಡಾ ಅವಧಿ 1993ರವರೆಗೆ ಇತ್ತು. ಎರಡು ವರ್ಷ ಮೊದಲೇ ಚುನಾವಣೆಗೆ ಹೋದರು. ಅಪ್ಪ-ಅಮ್ಮ ಮಲಾವಿಯವರು ಎಂಬ ನೆವ ಮಾಡಿ 1996ರಲ್ಲಿ ಕೌಂಡಾ ಸ್ಪರ್ಧಿಸದಂತೆ ಚಿಲುಬಾ ಸರ್ಕಾರ ಸಂವಿಧಾನವನ್ನೇ ತಿದ್ದಿತು. 1999ರಲ್ಲಿ ಒಂದು ಕೋರ್ಟು ಅವರು ಜಾಂಬಿಯಾದ ಪ್ರಜೆಯೇ ಅಲ್ಲ ಎಂದಿತು. ಆಗಲೂ ಮುದುಕ ಹೋದದ್ದು ಮೇಲಿನ ಕೋರ್ಟಿಗೆ, ಕೈಯಲ್ಲಿ ಯಾವಾಗಲೂ ಇರುತ್ತಿದ್ದ ಅದೇ ಬಿಳಿ ಕರವಸ್ತ್ರ ಹಿಡಿದುಕೊಂಡು.

ವಿರೋಧ: ಬಿಟ್ಟದ್ದು ಸರಿ, ಆದರೆ ಯಾವಾಗ?

ಈ ಪಕ್ಷ ವಹಿಸಿ ಬರೆಯಿರಿ ಎಂದಾಗ ಒಪ್ಪಿಕೊಂಡೆ. ಕೌಂಡಾ ಬಗ್ಗೆ ನನಗೂ ಗೌರವವಿದೆ. 1986ರಲ್ಲಿ ಏಡ್ಸ್‌ನಿಂದ ಮಗನನ್ನು ಕಳೆದುಕೊಂಡು, ಮುಂದಿನ ವರ್ಷ ಅದನ್ನು ಮುಚ್ಚಿಡದೆ ಹೇಳಿದ ತಂದೆ ಅವರು. ಅವರು ಶಾಂತವಾಗಿ ಹೋದರು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಕುರ್ಚಿ ಬಿಟ್ಟದ್ದನ್ನು ಹೊಗಳುವ ಮೊದಲು ಕುರ್ಚಿಗೆ ಬೇರೆಯವರು ಬರದಂತೆ ಮಾಡಿದ್ದನ್ನು ನೋಡಬೇಕಲ್ವಾ? 1972ರ ಕೊನೆಗೆ ಜಾಂಬಿಯಾ ಒಂದೇ ಪಕ್ಷದ ದೇಶವಾಯಿತು. ಅದೇ ವರ್ಷ, ಬಾಲ್ಯದ ಗೆಳೆಯನೂ ಹಿಂದಿನ ಉಪಾಧ್ಯಕ್ಷನೂ ಆಗಿದ್ದ ಸೈಮನ್ ಕಪ್ವೆಪ್ವೆ ಬಂಧನಕ್ಕೊಳಗಾದರು. 1978ರಲ್ಲಿ ಕಪ್ವೆಪ್ವೆ ಮತ್ತು ಹಿಂದಿನ ವಿರೋಧ ಪಕ್ಷದ ನಾಯಕ ಹ್ಯಾರಿ ನ್ಕುಂಬುಲಾ ಇಬ್ಬರೂ ಸ್ಪರ್ಧಿಸದಂತೆ ಪಕ್ಷದ ನಿಯಮವನ್ನೇ ತಿದ್ದಲಾಯಿತು. 1973ರ ಚುನಾವಣೆಯಂತೆ ಆಗಲೂ ಮತಪತ್ರದಲ್ಲಿ ಒಂದೇ ಹೆಸರು: ಬೇಕು ಅಥವಾ ಬೇಡ. 1988ರಲ್ಲಿ ನೂರಕ್ಕೆ 95 ಜನ ಬೇಕು ಎಂದರಂತೆ. ಮೂರೇ ವರ್ಷಕ್ಕೆ ಆ 95 ಇಳಿದು 24 ಆಯಿತು. ಯಾವುದು ನಿಜವಾದ ಲೆಕ್ಕ?

ಎರಡು ವರ್ಷ ಮೊದಲೇ ಚುನಾವಣೆ ಎನ್ನುವುದೂ ಔದಾರ್ಯವಲ್ಲ. ತಾಮ್ರದ ಬೆಲೆ ಬಿದ್ದು ಖಜಾನೆ ಬರಿದಾಗಿತ್ತು. 1990ರಲ್ಲಿ ಗಲಭೆಯ ಬೆನ್ನಿಗೇ ಸೈನ್ಯದ ಒಬ್ಬ ಅಧಿಕಾರಿ ರೇಡಿಯೋ ಕೇಂದ್ರಕ್ಕೆ ನುಗ್ಗಿ ಸರ್ಕಾರ ಬಿತ್ತು ಎಂದು ಸಾರಿದಾಗ ಜನ ಬೀದಿಗಿಳಿದು ಕುಣಿದರು. ಅದು ಸುಳ್ಳು ಅಂತ ಗೊತ್ತಾಗಲು ಕೆಲವೇ ಗಂಟೆ ಸಾಕಾಯಿತು. ಆ ಕುಣಿತ ಕೌಂಡಾಗೂ ಕಂಡಿತ್ತು.

ಕಪ್ವೆಪ್ವೆ ತೀರಿಕೊಂಡದ್ದು 1980ರಲ್ಲಿ. ಎರಡು ಹೆಸರಿನ ಮತಪತ್ರ ಮತ್ತೆ ಬರಲು ಆಗಿನ್ನೂ ಹನ್ನೊಂದು ವರ್ಷ ಬಾಕಿ ಇತ್ತು.