ದಾಕ್ಷಿಣ್ಯ ರೂಮಿನ ಹೊರಗಿರಲಿ

"412 ಮೇಡಂ. ಒಬ್ಬರೇ ಅಲ್ವಾ?"

ರಿಸೆಪ್ಷನ್ ಹುಡುಗ ಇಡೀ ಲಾಬಿಗೆ ಕೇಳೋ ಹಾಗೆ ಹೇಳಿದ. ನನ್ನ ಬೆನ್ನ ಹಿಂದೆ ಮೂವರು ಗಂಡಸರು ನಿಂತಿದ್ದರು. ಬೇರೆ ರೂಮ್ ಕೊಡಿ, ನಂಬರ್ ಬರೆದು ತೋರಿಸಿ ಅಂತ ಕೇಳಬೇಕಿತ್ತು. ಕೇಳಲಿಲ್ಲ. ರಾತ್ರಿಯಾಗಿದೆ, ಪಾಪ ಅವನಿಗೂ ಸುಸ್ತು, ಸುಮ್ಮನೆ ಯಾಕೆ ರಗಳೆ ಅನ್ನಿಸಿತು. ಏನೂ ಆಗಲಿಲ್ಲ ನಿಜ. ಆದರೆ ಕಾರಿಡಾರಿನಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಎದ್ದು ಕೂತು ಬೆಳಗು ಮಾಡಿದೆ.

ಹೋಟೆಲಿನಲ್ಲಿ ಒಂಟಿಯಾಗಿ ಉಳಿಯೋರು ಎಲ್ಲಕ್ಕಿಂತ ಮೊದಲು ಬಿಡಬೇಕಾದ್ದು ಈ ದಾಕ್ಷಿಣ್ಯವನ್ನೇ ಅನ್ನೋದು ನನ್ನ ಅಭಿಪ್ರಾಯ. ಎಷ್ಟೋ ಸಲ ಬೀಗಕ್ಕಿಂತ ಮೊದಲು ಸೋಲೋದು ರೂಮ್ ಯಾವುದು ಅನ್ನೋ ಗುಟ್ಟು. 2008ರಲ್ಲಿ ಅಮೆರಿಕದ ಕ್ರೀಡಾ ವರದಿಗಾರ್ತಿ ಎರಿನ್ ಆಂಡ್ರ್ಯೂಸ್ ನ್ಯಾಶ್‌ವಿಲ್‌ನ ಹೋಟೆಲೊಂದರಲ್ಲಿದ್ದಾಗ, ಆಕೆಯ ಬೆನ್ನುಬಿದ್ದವನು ಪಕ್ಕದ ರೂಮೇ ಬೇಕು ಅಂತ ಕೇಳಿದ, ಸಿಕ್ಕೂಬಿಟ್ಟಿತು. ಬಾಗಿಲಿನ ಪೀಪ್‌ಹೋಲ್ (ಹೊರಗೆ ಯಾರಿದ್ದಾರೆ ಅಂತ ಇಣುಕೋ ಪುಟ್ಟ ಕಿಂಡಿ) ಕೆಡಿಸಿ ವಿಡಿಯೊ ಮಾಡಿದ. 2016ರಲ್ಲಿ ಜ್ಯೂರಿ 5.5 ಕೋಟಿ ಡಾಲರ್ ಪರಿಹಾರಕ್ಕೆ ಹೇಳಿತು, ಅದರಲ್ಲಿ ಶೇ. 49ರಷ್ಟು ಹೊಣೆ ಹೋಟೆಲ್‌ನವರ ತಲೆಗೆ. ಅಲ್ಲಿ ಯಾರೂ ಬೀಗ ಒಡೆದಿರಲಿಲ್ಲ. ಅದನ್ನು ಓದಿದ ಮೇಲೆ ಪೀಪ್‌ಹೋಲ್‌ಗೆ ಒಂದು ಚೂರು ಬ್ಯಾಂಡೇಜ್ ಅಂಟಿಸೋದು ನನಗೆ ಚಟವಾಗಿಬಿಟ್ಟಿದೆ. ನಗುವವರು ನಗಲಿ.

ಹಾಗಂತ ಬೀಗವನ್ನೂ ಪೂರ್ತಿ ನಂಬೋ ಹಾಗಿಲ್ಲ. ಸ್ಯಾಫ್‌ಲಾಕ್ ಅನ್ನೋ ಕಾರ್ಡ್ ಬೀಗಗಳಲ್ಲಿ ದೋಷ ಇದೆ ಅಂತ ಸಂಶೋಧಕರು 2024ರಲ್ಲಿ ಬಯಲು ಮಾಡಿದರು. 131 ದೇಶಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಬಾಗಿಲುಗಳಿಗೆ ಇದ್ದ ಬೀಗ ಅದು. ಒಳಗಿಂದ ಹಾಕೋ ಡೆಡ್‌ಬೋಲ್ಟನ್ನೂ ಖೋಟಾ ಕಾರ್ಡ್ ತೆರೆಯುತ್ತಿತ್ತು, ಆದರೆ ಕೈಯಲ್ಲಿ ಸಿಕ್ಕಿಸೋ ಚೈನ್ ಮುಂದೆ ಅದರ ಆಟ ನಡೆಯಲ್ಲ. ನನ್ನ ಬ್ಯಾಗಿನಲ್ಲಿ ಬಾಗಿಲಿನ ಅಡಿಗೆ ಸಿಕ್ಕಿಸೋ ಒಂದು ರಬ್ಬರ್ ಬೆಣೆಯೂ ಇರುತ್ತೆ. ಬಾಗಿಲು ಒಳಮುಖವಾಗಿ ತೆರೆಯುವಂತಿದ್ದರೆ ಮಾತ್ರ ಅದು ಕೆಲಸಕ್ಕೆ ಬರೋದು. ಪಕ್ಕದ ರೂಮಿಗೆ ನಡುಬಾಗಿಲಿದ್ದರೆ ಅದರ ಚಿಲಕವನ್ನೂ ಎಳೆದು ನೋಡಿ.

ಕನ್ನಡಿಗೆ ಉಗುರು ತಾಗಿಸಿ ಕ್ಯಾಮೆರಾ ಹುಡುಕೋ ವಾಟ್ಸಾಪ್ ವಿದ್ಯೆ ಮೇಲೆ ನನಗೆ ನಂಬಿಕೆಯಿಲ್ಲ. ಅದರ ಬದಲು ಮೆಟ್ಟಿಲಿನ ತನಕ ಎಷ್ಟು ಬಾಗಿಲಿವೆ ಅಂತ ಎಣಿಸಿಕೊಳ್ಳಿ. ಬೆಂಕಿ ಬಿದ್ದು ಹೊಗೆ ತುಂಬಿದರೆ ಯಾವ ಬೋರ್ಡೂ ಕಾಣಲ್ಲ, ಗೋಡೆ ತಡವಿಕೊಂಡೇ ಹೋಗಬೇಕು.

ಕಳೆದ ಸಲ ರಾತ್ರಿ ಹತ್ತೂವರೆಗೆ ಬಾಗಿಲು ಬಡಿದ ಸದ್ದು. "ಮೇಡಂ, ಎಸಿ ನೋಡೋಕೆ ಬಂದಿದೀನಿ." ನಾನೇನೂ ಕಂಪ್ಲೇಂಟ್ ಕೊಟ್ಟಿರಲಿಲ್ಲ. "ಸ್ವಲ್ಪ ಇರಿ" ಅಂದು, ಬಾಗಿಲು ತೆರೆಯದೆ ರಿಸೆಪ್ಷನ್‌ಗೆ ಫೋನ್ ಮಾಡಿದೆ. ಅವರೇ ಕಳಿಸಿದ್ದಂತೆ, ಕಂಪ್ಲೇಂಟ್ ಬಂದದ್ದು ಪಕ್ಕದ ರೂಮಿನಿಂದ, ಇವನು ನಂಬರ್ ತಪ್ಪಿಸಿಕೊಂಡಿದ್ದ. ಬಾಗಿಲಾಚೆಯಿಂದಲೇ "ಸಾರಿ ಮೇಡಂ" ಅಂದ. ನಾನೂ ಬಾಗಿಲೀಚೆಯಿಂದಲೇ "ಪರವಾಗಿಲ್ಲಪ್ಪಾ" ಅಂದು ಮಲಗಿದೆ. ಒಳ್ಳೆ ನಿದ್ದೆ ಬಂತು.